ಧಾರವಾಡದ ಕಲ್ಲು ಸಮುದ್ರಕ್ಕಿಳಿದ ದಾರಿ

ವಾಸ್ಕೋದಲ್ಲಿ ನೆಲೆಸಿ ಇಪ್ಪತ್ತೆರಡು ವರ್ಷವಾಯಿತು. ಊರಿನಿಂದ ನೆಂಟರು ಬಂದಾಗಲೆಲ್ಲ ಕೋಲ್ವಾ ಕಡಲು, ಹಳೆ ಗೋವಾದ ಚರ್ಚು, ಮಂಗೇಶಿ ಗುಡಿ ತೋರಿಸಿ ತೋರಿಸಿ ನನಗೇ ಬೇಸರ ಬಂದಿದೆ. ಈ ದೀಪಾವಳಿಯ ನಂತರದ ಮೂರು ದಿನ ಮಾತ್ರ ಬೇರೆಯಾಗಿದ್ದವು. ತಂಗಿ, ಅಂದರೆ ನನ್ನ ಕಾಕಾನ ಮಗಳು, ಭೂಗರ್ಭಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಾಳೆ. ಅವಳಿಗೆ ಗೋವಾದ ಹಸಿರುಶಿಲೆಯ ಪಟ್ಟಿಯನ್ನು, ಅಂದರೆ ಬಹು ಹಳೆಯ ಲಾವಾ, ಕೆಸರು ಗಟ್ಟಿಯಾದ ಕಲ್ಲುಗಳ ಉದ್ದನೆಯ ಸಾಲನ್ನು, ಕಣ್ಣಾರೆ ನೋಡಬೇಕಿತ್ತು. ನನ್ನ ಹಳೆಯ ಕಾರು ಖಾಲಿ ಇತ್ತು. ಕಾಕಾನಿಗೆ ಸ್ಟೀರಿಂಗ್ ಹಿಡಿಯುವ ಹಂಬಲ ಹೋಗಿರಲಿಲ್ಲ. 1989ರಲ್ಲಿ ಮುಂಡರಗಿ ಕಡೆಯ ಹಳ್ಳಿಯಿಂದ ಬಂದು ಇಪ್ಪತ್ತಮೂರು ವರ್ಷ ಅದಿರಿನ ಟಿಪ್ಪರ್ ಓಡಿಸಿದ ಮನುಷ್ಯ ಅವರು.

ಮೊದಲ ದಿನ: ಬೈನಾ, ಬಾರ್ಸೆ

ಹೊರಡುವ ಮೊದಲೇ ತಂಗಿ ನಮ್ಮನ್ನು ಬೈನಾ ಕಡಲತಡಿಗೆ ಎಳೆದೊಯ್ದಳು. ನಾನು ಸಾವಿರ ಸಲ ಕೂತು ಶೇಂಗಾ ತಿಂದ ಬಂಡೆಗಳು ಅವು. ಬೂದು ಬಣ್ಣದವು, ಕರಿಯಾಗಿ ಪಾಚಿ ಕಟ್ಟಿದ್ದವು. "ಅಣ್ಣಾ, ಇದು ಗ್ರೇವ್ಯಾಕ್" ಎಂದಳು. ಹಳೆಯ ಜ್ವಾಲಾಮುಖಿಗಳೂ ಅವುಗಳ ಸುತ್ತಲಿನ ನೆಲವೂ ಸವೆದು, ಆ ಮರಳು ಕೆಸರು ಆಳದ ಕಡಲಿಗೆ ಕುಸಿದು, ಅಲ್ಲಿ ಗಟ್ಟಿಯಾದ ಕಲ್ಲಂತೆ. ಭೂತಗನ್ನಡಿ ಕೊಟ್ಟಳು. ಕಣ್ಣಿಗೆ ಒತ್ತಿ ನೋಡಿದರೆ ಜೋಳದ ನುಚ್ಚಿನಂತೆ ಮೊನಚು ಮೊನಚಾದ ಕಾಳುಗಳು, ಸಣ್ಣದರ ಪಕ್ಕ ದೊಡ್ಡದು, ಯಾವುದೂ ಗುಂಡಗಾಗಿಲ್ಲ. ನದಿಯಲ್ಲಿ ಬಹಳ ದೂರ ಉರುಳಿದ್ದರೆ ಮೂಲೆಗಳು ನಯವಾಗುತ್ತಿದ್ದವು. ಇವು ಅವಸರದಲ್ಲಿ ಬಂದು ಬಿದ್ದಿವೆ.

ಮಡಗಾಂವ್ ದಾಟಿ ಕಾಣಕೋಣದ ಹೆದ್ದಾರಿ ಹಿಡಿದೆವು. ಕುಂಕಳ್ಳಿಯ ಒಂದು ಸಣ್ಣ ಹೋಟೆಲಿನಲ್ಲಿ ಪಾತಳ ಭಾಜಿ, ಪಾವು, ಮಿರ್ಚಿ. ಗೋವಾದಲ್ಲಿ ಒಳನಾಡಿಗೆ ಹೋಗುವವರು ಇಂಥಲ್ಲಿ ಹತ್ತು ಗಂಟೆಯೊಳಗೆ ತಿಂದುಬಿಡಬೇಕು, ಆಮೇಲೆ ಪಾತೇಲಿಯ ತಳವಷ್ಟೇ ಸಿಗುತ್ತದೆ. ಚಿಗವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿಯ ಗಂಟು ಹಿಂದಿನ ಸೀಟಿನಲ್ಲಿತ್ತು. ಕಾಕಾ ಅದನ್ನು ತಿರುಗಿ ತಿರುಗಿ ನೋಡುತ್ತಿದ್ದರು.

ಬಾರ್ಸೆ ಹಳ್ಳಿಯ ಹೆಸರು ಭೂಗರ್ಭಶಾಸ್ತ್ರದ ಪುಸ್ತಕಗಳಲ್ಲಿದೆ. ಗೋವಾದ ಶಿಲಾಸಮೂಹವನ್ನು ಅಡಿಯಿಂದ ಮೇಲಕ್ಕೆ ಬಾರ್ಸೆ, ಸಾವರ್ಡೆ, ಬಿಚೋಲಿ, ವಾಘೇರಿ ಎಂದು ನಾಲ್ಕು ಹಂತಗಳಾಗಿ ಎಣಿಸುತ್ತಾರೆ. ನಾವು ನಿಂತದ್ದು ಎಲ್ಲಕ್ಕಿಂತ ಕೆಳಗಿನ ಹಂತದ ಮೇಲೆ. ರಸ್ತೆ ಅಗಲ ಮಾಡಿದಾಗ ಕಡಿದ ಅಂಚಿನಲ್ಲಿ, ಕೆಂಪು ಮಣ್ಣಿನ ಕೆಳಗೆ, ಕಲ್ಲು ಹೊರಗೆ ಕಂಡಿತ್ತು. ಒಣಗಿದ ಮೈ ಕಂದು. ತಂಗಿ ಸುತ್ತಿಗೆಯಿಂದ ಒಂದು ಚಕ್ಕೆ ಎಬ್ಬಿಸಿದಾಗ ಒಳಮೈ ಹಸಿರು. ಎಲೆಯ ಹಸಿರಲ್ಲ, ಹಳೆಯ ತಾಮ್ರದ ತಂಬಿಗೆಗೆ ಹಿಡಿಯುವ ಕಿಲುಬಿನಷ್ಟು ಢಾಳೂ ಅಲ್ಲ, ಒಣಗಿದ ಹೆಸರುಕಾಳಿನ ಹಸಿರು. ಹೆಚ್ಚುಕಡಿಮೆ 270 ಕೋಟಿ ವರ್ಷದ ಹಿಂದೆ ಇದು ಸಮುದ್ರದಡಿ ಹರಿದ ಕಪ್ಪು ಲಾವಾ. ಆಮೇಲೆ ಭೂಮಿಯೊಳಗೆ ಹೂತು, ಬಿಸಿಗೂ ಒತ್ತಡಕ್ಕೂ ನೀರಿಗೂ ಸಿಕ್ಕಿ, ಕ್ಲೋರೈಟ್, ಎಪಿಡೋಟ್ ಮುಂತಾದ ಹಸಿರು ಖನಿಜಗಳಾಗಿ ಮಾರ್ಪಟ್ಟಿತು. ಹಸಿರುಶಿಲೆ ಎಂಬ ಹೆಸರು ಬಂದದ್ದು ಹಾಗೆ.

ಕಾಕಾ ಚಕ್ಕೆಯನ್ನು ಉಗುರಿನಿಂದ ಕೆರೆದರು. "ಇದು ನಮ್ಮ ಕಪ್ಪತಗುಡ್ಡದ ಕಲ್ಲು" ಎಂದರು.

ಅವರು ಹೇಳಿದ್ದು ಬಾಯಿಮಾತಿಗೆ, ಆದರೆ ತಂಗಿ ಬಿಡಲಿಲ್ಲ. ಪಶ್ಚಿಮದ ಈ ಪಟ್ಟಿ ಶಿವಮೊಗ್ಗದಿಂದ ಉತ್ತರಕನ್ನಡದ ಕಾಡು ದಾಟಿ ಗೋವಾದವರೆಗೆ ಬರುತ್ತದೆ. ಕಪ್ಪತಗುಡ್ಡ ಅದರ ಪೂರ್ವದಲ್ಲಿರುವ ಚಿತ್ರದುರ್ಗ–ಗದಗ ಪಟ್ಟಿಯದು. ಎರಡೂ ಒಂದೇ ಮನೆತನದವು. ರಾಬರ್ಟ್ ಬ್ರೂಸ್ ಫೂಟ್ ಎಂಬ ಇಂಗ್ಲಿಷ್ ಭೂಗರ್ಭಶಾಸ್ತ್ರಜ್ಞ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ಮನೆತನಕ್ಕೆ ಇಟ್ಟ ಹೆಸರೇ ಧಾರವಾಡ. ನಾವು ಗೋವಾಕ್ಕೆ ಬಂದವರು ಎಂದುಕೊಂಡಿದ್ದೆವು, ನಮಗಿಂತ ಮೊದಲೇ ಧಾರವಾಡ ಇಲ್ಲಿ ಬಂದು ಮಲಗಿದೆ.

ಅದೇ ಅಂಚಿನಲ್ಲಿ ಎರಡು ಬೆರಳಗಲದ ಬಿಳಿ ಗೆರೆಯೊಂದು ಹಸಿರಿನೊಳಗೆ ಓರೆಯಾಗಿ ಹಾದಿತ್ತು. ಬೆಣಚುಕಲ್ಲು. ಅದರ ಅಂಚಿನಲ್ಲಿ ಹಳದಿ ಮಿನುಗು. ಕಾಕಾನ ಮುಖ ನೋಡಬೇಕಿತ್ತು! ಅವರ ಊರಿನ ಸುತ್ತ ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಇಂಗ್ಲಿಷ್ ಕಂಪನಿಗಳು ಬಂಗಾರಕ್ಕಾಗಿ ಅಗೆದು ಬಿಟ್ಟುಹೋದ ಗಣಿಗಳಿವೆ. ಚಿಕ್ಕಂದಿನಲ್ಲಿ ಆ ಕಡೆ ಕುರಿ ಮೇಯಿಸಿದವರಿಗೆ ಹಳದಿ ಮಿನುಗು ಸಣ್ಣ ವಿಷಯವಲ್ಲ. ತಂಗಿ ಚೀಲದಿಂದ ಹೊಳಪಿಲ್ಲದ ಒಂದು ಹಂಚಿನ ತುಂಡು ತೆಗೆದು ಅದರ ಮೇಲೆ ಕಲ್ಲನ್ನು ಉಜ್ಜಿದಳು. ಗೆರೆ ಕಪ್ಪಾಗಿ ಮೂಡಿತು.

"ಬಂಗಾರವಾಗಿದ್ದರೆ ಗೆರೆಯೂ ಹಳದಿ ಬರುತ್ತಿತ್ತು ಅಪ್ಪಾ. ಇದು ಪೈರೈಟ್. ಕಬ್ಬಿಣ, ಗಂಧಕ."

"ಅಂದರೆ ಇದು ನಿನ್ನ ಒರೆಗಲ್ಲು" ಎಂದು ಕಾಕಾ ಹಂಚನ್ನು ಮರ್ಯಾದೆಯಿಂದ ಮರಳಿಸಿದರು.

ಬಂಗಾರ ಕೂಡುವುದು ಇಂಥ ಜಾಗದಲ್ಲೇ ಎಂಬುದಂತೂ ಸುಳ್ಳಲ್ಲ. ಆಳದಿಂದ ಬಿಸಿನೀರು ಗಂಧಕದ ಜೊತೆ ಬಂಗಾರವನ್ನೂ ಕರಗಿಸಿಕೊಂಡು ಬಿರುಕುಗಳಲ್ಲಿ ಏರುತ್ತದೆ. ಹಸಿರುಶಿಲೆಯಲ್ಲಿ ಕಬ್ಬಿಣ ಹೇರಳ, ಅದು ಆ ಗಂಧಕವನ್ನು ಎಳೆದುಕೊಂಡು ಪೈರೈಟ್ ಆಗುತ್ತದೆ. ಜೊತೆಗಾರನನ್ನು ಕಳೆದುಕೊಂಡ ಬಂಗಾರ ಅಲ್ಲೇ ಉದುರುತ್ತದೆ. ಕೋಲಾರದಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ತೆಗೆದದ್ದು, 2001ರಲ್ಲಿ ಗಣಿ ಮುಚ್ಚಿತು. ರಾಯಚೂರಿನ ಹಟ್ಟಿಯಲ್ಲಿ ಇಂದಿಗೂ ತೆಗೆಯುತ್ತಿದ್ದಾರೆ. ಚಿತ್ರದುರ್ಗದ ಇಂಗಳದಾಳದಲ್ಲಿ ಇದೇ ಬಗೆಯ ಪಟ್ಟಿಯಿಂದ ತಾಮ್ರ ಬಂತು. ಗೋವಾದ ಪಾಲಿಗೆ ಬಂದದ್ದು ಕಬ್ಬಿಣ, ಮ್ಯಾಂಗನೀಸ್.

ಕೆಪೆ ಕಡೆಗೆ ತಿರುಗಿದ ಮೇಲೆ ಪಾರೋಡಾದ ಚಂದ್ರನಾಥ ಗುಡ್ಡಕ್ಕೆ ದೂರದಿಂದಲೇ ಕೈಮುಗಿದೆವು. ಅದು ಗ್ರಾನೈಟ್, ಈ ಶಿಲೆಗಳ ನಡುವೆ ಆಮೇಲೆ ನುಗ್ಗಿ ಬಂದದ್ದು. ಹತ್ತುವ ಮನಸ್ಸಿತ್ತು, ಆದರೆ ತಿಳಾಮಳ ಬರುವ ಮೊದಲೇ ಹಿಂದಿನ ಚಕ್ರ ಕುಳಿತುಬಿಟ್ಟಿತು. ಡಿಕ್ಕಿಯಲ್ಲಿದ್ದ ಇನ್ನೊಂದು ಚಕ್ರದಲ್ಲೂ ಗಾಳಿಯಿಲ್ಲ. ಅದು ನನ್ನದೇ ತಪ್ಪು. ಕಾಕಾ ಏನೂ ಅನ್ನಲಿಲ್ಲ, ಅನ್ನದೇ ಇದ್ದದ್ದೇ ಹೆಚ್ಚಾಯಿತು. ಚಕ್ರವನ್ನು ಉರುಳಿಸಿಕೊಂಡು ಒಂದು ಕಿಲೋಮೀಟರ್ ಹೋದರೆ ಪಂಕ್ಚರ್ ಅಂಗಡಿಯವನು ಬಾಗಲಕೋಟೆ ಕಡೆಯವನು. ಕಾಕಾನನ್ನು ನೋಡಿದವನೇ "ನೀವು ಸಾವರ್ಡೆಯಲ್ಲಿ ಟಿಪ್ಪರ್ ಓಡಿಸುತ್ತಿದ್ದವರಲ್ಲವೇ?" ಎಂದು ಕೇಳಿದ. ಆಗ ದಿನಕ್ಕೆ ನಲವತ್ತು ಚಕ್ರ ತಿದ್ದುತ್ತಿದ್ದನಂತೆ, ಈಗ ನಾಲ್ಕು. ದುಡ್ಡು ತೆಗೆದುಕೊಳ್ಳಲಿಲ್ಲ. ಚಟ್ನಿಯಲ್ಲಿ ಅರ್ಧ ಅಲ್ಲೇ ಖರ್ಚಾಯಿತು.

ಎರಡನೆಯ ದಿನ: ಉಸಗಾಳಿಮಳ, ಸಾವರ್ಡೆ

ರಾತ್ರಿ ಕಾಕಾನ ಹಳೆಯ ಜೊತೆಗಾರರ ಮನೆಯಲ್ಲಿ ಮಲಗಿ, ಬೆಳಗ್ಗೆ ಆರಕ್ಕೇ ರಿವಣದ ದಾರಿ ಹಿಡಿದೆವು. ಉಸಗಾಳಿಮಳಕ್ಕೆ ಹೋಗುವುದಿದ್ದರೆ ಮುಂಜಾನೆಯೇ ಹೋಗಬೇಕು. ಕುಶಾವತಿ ಹೊಳೆಯ ದಂಡೆಯ ಜಂಬಿಟ್ಟಿಗೆ ಹಾಸಿನ ಮೇಲೆ ಯಾವುದೋ ಕಾಲದ ಜನ ಗೂಳಿ, ಜಿಂಕೆ, ಸುರುಳಿ ಚಕ್ರಗಳನ್ನು ಕೊರೆದಿದ್ದಾರೆ. ಬಿಸಿಲು ಓರೆಯಾಗಿ ಬಿದ್ದರಷ್ಟೇ ಗೆರೆಗಳಲ್ಲಿ ನೆರಳು ತುಂಬಿ ಚಿತ್ರ ಏಳುತ್ತದೆ. ಮಧ್ಯಾಹ್ನ ಬಂದವರು ಬರಿಯ ಕೆಂಪು ಕಲ್ಲು ನೋಡಿ ಹೋಗುತ್ತಾರೆ. ಹೊರಗಿನ ವಿದ್ವಾಂಸರಿಗೆ ಇದು ಗೊತ್ತಾದದ್ದು 1993ರಲ್ಲಿ, ಊರಿನವರಿಗೆ ಮೊದಲಿನಿಂದಲೂ ಗೊತ್ತಿತ್ತು.

ಹಾಸಿನ ಮೇಲೆ ಇನ್ನೂ ಪಾಚಿ ಇತ್ತು. ಚಪ್ಪಲಿ ಬಿಚ್ಚಿ ಎಂದು ತಂಗಿ ಹೇಳುತ್ತಿರುವಾಗಲೇ ನಾನು ಜಾರಿ, ಒಂದು ಗೂಳಿಯ ಪಕ್ಕದಲ್ಲಿ ಅಂಗಾತ ಬಿದ್ದೆ. ಮೊಣಕೈ ತರಚಿತು. ಆದರೆ ಬಿದ್ದ ಎತ್ತರದಿಂದ ಆ ಗೂಳಿ ಕಂಡಷ್ಟು ಚೆನ್ನಾಗಿ ನಿಂತವರಿಗೆ ಕಾಣಲಿಲ್ಲ: ಬೆನ್ನಿನ ಒಂದೇ ಗೆರೆ ಕೊಂಬಿನವರೆಗೆ ತಡೆಯಿಲ್ಲದೆ ಎದ್ದಿತ್ತು, ಕೊರೆದವನ ಕೈ ಅಲ್ಲಿ ನಡುಗಿಲ್ಲ.

ಹೊಳೆಯಾಚೆಯಿಂದ ಗೊಬ್ಬರದ ಬುಟ್ಟಿ ಹೊತ್ತು ಬಂದ ರೈತರೊಬ್ಬರು ನನ್ನ ಮೊಣಕೈಗೆ ಯಾವುದೋ ಸೊಪ್ಪು ಹಿಂಡಿದರು. ಅವರದು ಕೊಂಕಣಿ, ಕಾಕಾನದು ಟಿಪ್ಪರ್ ಸ್ಟ್ಯಾಂಡಿನಲ್ಲಿ ಕಲಿತ ಕೊಂಕಣಿ. ಮಾತು ಗಣಿಗೆ ಬಂತು. ಗಣಿ ಆಳಕ್ಕೆ ಹೋದ ಹಾಗೆ ಅವರ ಕುಳಾಗರದ, ಅಂದರೆ ಅಡಿಕೆ ತೋಟದ, ಝರಿ ಬತ್ತಿತಂತೆ. ಮಳೆಗಾಲದಲ್ಲಿ ಡಂಪಿನ ಮಣ್ಣು ಕೊಚ್ಚಿ ಬಂದು ಗದ್ದೆಯಲ್ಲಿ ಕೆಂಪು ಹೂಳು ಕೂರುತ್ತಿತ್ತಂತೆ. ಮಕ್ಕಳು ಶಾಲೆಗೆ ಹೋಗಲು ರಸ್ತೆ ದಾಟಬೇಕಾದರೆ ಟಿಪ್ಪರುಗಳ ಸಾಲು ಮುಗಿಯುವುದನ್ನು ಕಾಯಬೇಕಿತ್ತು.

ತಾನು ಏನು ಮಾಡುತ್ತಿದ್ದೆ ಎಂಬುದನ್ನು ಕಾಕಾ ಮುಚ್ಚಿಡಲಿಲ್ಲ. "ಆ ಸಾಲಿನಲ್ಲಿ ನಾನೂ ಇದ್ದೆ" ಎಂದರು.

ರೈತರು ಸ್ವಲ್ಪ ಹೊತ್ತು ಅವರನ್ನೇ ನೋಡಿದರು. "ನನ್ನ ಮಗನೂ ಇದ್ದ" ಎಂದರು. ಇಬ್ಬರೂ ತಂಬಾಕು ತಿಕ್ಕಿಕೊಂಡು ಹೊಳೆ ನೋಡುತ್ತ ಕೂತರು. ನನಗೂ ತಂಗಿಗೂ ಅಲ್ಲಿ ಆಡುವ ಮಾತಿರಲಿಲ್ಲ.

ಮರಳುವ ದಾರಿಯಲ್ಲಿ ರಿವಣದ ಹತ್ತಿರ ರಸ್ತೆಬದಿಯ ಹಳೆಯ ರಾಶಿಯೊಂದರಿಂದ ಒಂದು ಕರಿ ಹೆಂಟೆ ಎತ್ತಿದೆ. ಮ್ಯಾಂಗನೀಸ್. ಕೈ ಮಸಿ ಹಿಡಿದಂತಾಗಿ ಸಂಜೆಯವರೆಗೆ ಬಿಡಲಿಲ್ಲ, ಬಿಳಿ ಅಂಗಿ ಹಾಕಿಕೊಂಡು ಈ ಕಡೆ ಬರಬೇಡಿ. ಗಣಿಗಳ ಒಳಗೆ ಪರವಾನಗಿ ಇಲ್ಲದೆ ಬಿಡುವುದಿಲ್ಲ, ಬಿಡಲೂಬಾರದು. ಬಿಟ್ಟುಹೋದ ಗುಂಡಿಗಳ ಅಂಚು ಕುಸಿಯುತ್ತದೆ. ನಾವು ಒಂದರ ಬೇಲಿಯ ಹೊರಗೆ ರಸ್ತೆಯ ಏರಿನಲ್ಲಿ ನಿಂತೆವು. ಮೆಟ್ಟಿಲು ಮೆಟ್ಟಿಲಾಗಿ ಇಳಿದ ಗುಂಡಿ, ತಳದಲ್ಲಿ ನೀಲಿ-ಹಸಿರು ನೀರು, ನೀರಿನ ಮೇಲೆ ಎರಡು ಬೆಳ್ಳಕ್ಕಿ. ಗೋಡೆಯಲ್ಲಿ ಗುಲಾಬಿ, ಹಳದಿ, ಕಡುಗೆಂಪು ಪದರಗಳು.

ಅಲ್ಲೇ ರಸ್ತೆಯಂಚಿನಲ್ಲಿ ಸಿಕ್ಕಿತು ಈ ಪ್ರವಾಸದ ನಿಜವಾದ ಕಲ್ಲು. ಅಂಗೈಯಗಲ, ಇಳಕಲ್ ಸೀರೆಯ ಅಂಚಿನ ಹಾಗೆ ಪಟ್ಟೆ ಪಟ್ಟೆ: ಒಂದು ಗೆರೆ ಉಕ್ಕಿನ ಬೂದು, ಒಂದು ಗೆರೆ ಕೆಂಗಂದು, ಮತ್ತೆ ಬೂದು. ಬೂದು ಗೆರೆ ಹೆಮಟೈಟ್, ಇನ್ನೊಂದು ಸಿಲಿಕಾ. ಆ ಕಾಲದ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಕಡಲಡಿಯ ಬಿಸಿನೀರಿನ ಬುಗ್ಗೆಗಳಿಂದ ಬಂದ ಕಬ್ಬಿಣ ಉಪ್ಪಿನಂತೆ ನೀರಿನಲ್ಲೇ ಕರಗಿರುತ್ತಿತ್ತು. ಅದು ಆಮ್ಲಜನಕ ಕೂಡಿದಾಗ ತುಕ್ಕಾಗಿ ತಳಕ್ಕೆ ಕೂತಿತು, ನಡುನಡುವೆ ಸಿಲಿಕಾ ಕೂತಿತು. ಇಷ್ಟೇ ಆಗಿದ್ದರೆ ಗಣಿ ಆಗುತ್ತಿರಲಿಲ್ಲ, ಕಬ್ಬಿಣ ಸಾಲದು. ಮುಂದಿನ ಕೆಲಸ ಮಾಡಿದ್ದು ನಮ್ಮ ಮಳೆ. ಬಹುಕಾಲ ಹೊಯ್ದ ಬಿಸಿನಾಡಿನ ಮಳೆ ಸಿಲಿಕಾವನ್ನು ತೊಳೆದು ಒಯ್ದಿತು, ಕಬ್ಬಿಣ ಉಳಿಯಿತು. ಗೋವಾದ ಅದಿರು ಬಹುಪಾಲು ಪುಡಿ ಪುಡಿಯಾಗಿರುವುದು ಅದಕ್ಕೇ. ಹೂರಣ ಬಸಿದು ಹೋದ ಹೋಳಿಗೆಯ ಹಾಗೆ, ಮುಟ್ಟಿದರೆ ಉದುರುತ್ತದೆ.

ಕಾಕಾ ಕಲ್ಲನ್ನು ಅಂಗೈಯಲ್ಲಿ ಎರಡು ಸಲ ಕುಪ್ಪಳಿಸಿದರು. "ನಲವತ್ತು" ಎಂದರು. ಆಮೇಲೆ ಪಕ್ಕದಲ್ಲಿದ್ದ ನೀಲಿ ಛಾಯೆಯ ಇನ್ನೊಂದು ಹೆಂಟೆ ಎತ್ತಿದರು. "ಇದು ಐವತ್ತೆಂಟು. ಹಡಗಿಗೆ ಹೋಗುತ್ತದೆ." ನೂರಕ್ಕೆ ಎಷ್ಟು ಕಬ್ಬಿಣ ಎಂಬ ಲೆಕ್ಕ ಅದು. ಪ್ರಯೋಗಾಲಯದಲ್ಲಿ ನೋಡದೆ ಹೇಳಬಾರದು ಎಂದು ತಂಗಿ ಹೇಳಿದಳು. ಹೇಳಿದರೂ ಎರಡರ ಮೇಲೂ ಪೆನ್ನಿನಿಂದ ಆ ಅಂಕಿಗಳನ್ನೇ ಬರೆದಳು.

ಸಂಜೆ ಸಾವರ್ಡೆಯಲ್ಲಿ ಜುವಾರಿ ದಂಡೆಯ ಜೆಟ್ಟಿಯ ಹತ್ತಿರ ಹೋದೆವು. ಗುಡ್ಡದಿಂದ ಟಿಪ್ಪರ್, ಟಿಪ್ಪರಿನಿಂದ ಬಾರ್ಜು, ಬಾರ್ಜಿನಿಂದ ಮುರ್ಮುಗಾಂವ್ ಬಂದರಿನ ಹಡಗು. 1940ರ ದಶಕದ ಕೊನೆಗೆ ಪೋರ್ಚುಗೀಸರ ಕಾಲದಲ್ಲಿ ಶುರುವಾದ ಈ ಸಾಗಣೆಗೆ ಮೊದಲು ಜಪಾನ್, ಆಮೇಲೆ ಚೀನಾ ದೊಡ್ಡ ಗಿರಾಕಿ. ಕಡಿಮೆ ದರ್ಜೆಯ ಪುಡಿಗೂ ಚೀನಾ ದುಡ್ಡು ಕೊಡತೊಡಗಿದ ಮೇಲೆ 2010ರ ಹೊತ್ತಿಗೆ ವರ್ಷಕ್ಕೆ ಐದು ಕೋಟಿ ಟನ್ನಿನ ಮಟ್ಟ ಮುಟ್ಟಿತು. ಕಾಕಾ ಸ್ವಂತ ಟಿಪ್ಪರ್ ಮಾಡಿದ್ದು ಆಗಲೇ, ಸಾಲ ತೆಗೆದು. 2012ರಲ್ಲಿ ಅಕ್ರಮ ಗಣಿಗಾರಿಕೆಯ ವರದಿ ಬಂದು ಎಲ್ಲ ನಿಂತಿತು. ಸ್ವಲ್ಪ ಶುರುವಾದದ್ದು 2018ರಲ್ಲಿ ಸುಪ್ರೀಂ ಕೋರ್ಟ್ 88 ಗುತ್ತಿಗೆ ರದ್ದು ಮಾಡಿದಾಗ ಮತ್ತೆ ನಿಂತಿತು. ಈಗ ಹರಾಜಾದ ಗಣಿಗಳಲ್ಲಿ ಮತ್ತೆ ಸದ್ದು. ಕಾಕಾನ ಟಿಪ್ಪರ್ ಮಾತ್ರ ಅಷ್ಟರಲ್ಲಿ ಗುಜರಿಗೆ ಹೋಗಿತ್ತು.

"ನಿಂತ ಮೊದಲ ರಾತ್ರಿ ನಿದ್ದೆ ಬರಲಿಲ್ಲ" ಎಂದರು. "ಸಾಲದ ಚಿಂತೆ ಆಮೇಲೆ ಬಂತು. ಮೊದಲು ಸದ್ದಿಲ್ಲ ಎಂದು ನಿದ್ದೆ ಬರಲಿಲ್ಲ."

ಮೂರನೆಯ ದಿನ: ತಾಂಬ್ಡಿ ಸುರ್ಲಾ, ಅನಮೋಡ ಘಾಟ್

ಕುಳೆಂನಲ್ಲಿ ದೂಧಸಾಗರದ ಜೀಪಿಗೆ ಸಾಲು ನಿಂತ ಜನರನ್ನು ನೋಡಿಯೇ ನಾವು ಮುಂದೆ ಹೋದೆವು. ಮೊಲೆಂನಿಂದ ತಾಂಬ್ಡಿ ಸುರ್ಲಾಕ್ಕೆ ಕಾಡಿನ ನೆರಳಿನ ರಸ್ತೆ. ಹನ್ನೆರಡನೆಯ ಶತಮಾನದ ಕದಂಬರ ಕಾಲದ ಮಹಾದೇವ ಗುಡಿ ಪುಟ್ಟದು, ಹೊಳೆಯ ಪಕ್ಕ ಒಂಟಿಯಾಗಿ ಕೂತಿದೆ. ಸುತ್ತ ಎಲ್ಲೆಲ್ಲೂ ಕೆಂಪು ಜಂಬಿಟ್ಟಿಗೆ, ಗುಡಿ ಮಾತ್ರ ಕಪ್ಪು. ಘಟ್ಟದ ಮೇಲಿನಿಂದ ಬಸಾಲ್ಟ್ ಹೊತ್ತು ತಂದು ಕಟ್ಟಿದ್ದೆಂದು ಹೇಳುವುದು ರೂಢಿ.

ಕಾಕಾ ಕಂಬವನ್ನು ಸವರಿ "ಲಕ್ಕುಂಡಿಯ ಕೆಲಸ" ಎಂದರು. ಕೆಲಸ ಆ ಕಡೆಯದೇ, ಕಲ್ಲು ಬೇರೆ. ಲಕ್ಕುಂಡಿಯದು ಧಾರವಾಡ ಪಟ್ಟಿಯ ಕ್ಲೋರೈಟ್ ಶಿಸ್ಟ್, ಹಸಿರುಶಿಲೆಯ ಬಳಗದ್ದು, ಉಳಿಗೆ ಬೆಣ್ಣೆಯ ಹಾಗೆ ಒಲಿಯುವ ಕಲ್ಲು. ದಖ್ಖನ್ನಿನ ಬಸಾಲ್ಟ್ ಕೂಡ ಲಾವಾ, ಆದರೆ ಅದಕ್ಕೆ ಬರೀ ಆರೂವರೆ ಕೋಟಿ ಚಿಲ್ಲರೆ ವರ್ಷ. ಹೂತುಹೋಗಿ ಬೇಯುವ ಪಾಳಿ ಅದಕ್ಕೆ ಬಂದಿಲ್ಲ, ಕಪ್ಪಾಗಿಯೇ ಉಳಿದಿದೆ. ಬಾರ್ಸೆಯಲ್ಲಿ ಕಂಡ ಹಸಿರು ಕಲ್ಲಿನ ಯೌವನ ಹೀಗಿತ್ತು ಎಂದುಕೊಂಡು ನಾನು ಆ ಕಂಬವನ್ನು ಎರಡನೆಯ ಸಲ ನೋಡಿದೆ.

ಊಟ ಮೊಲೆಂನಲ್ಲಿ. ನನಗೂ ತಂಗಿಗೂ ಬಾಂಗಡೆ ಹುರಿದದ್ದು, ಸೋಲ್ ಕಡಿ. ಮೀನು ಮುಟ್ಟದ ಕಾಕಾನಿಗೆ ಉಳಿದ ರೊಟ್ಟಿ, ಹೋಟೆಲಿನ ಅಲಸಂದೆ ತೊಣಕ.

ಆಮೇಲೆ ಅನಮೋಡ ಘಾಟ್. ಬೆಳಗಾವಿ, ಧಾರವಾಡದ ಕಡೆಯಿಂದ ಬರುವವರು ಈ ಘಾಟನ್ನು ಬೈದುಕೊಂಡೇ ಇಳಿಯುತ್ತಾರೆ, ಬದಿಯ ಗೋಡೆ ನೋಡುವುದಿಲ್ಲ. ವಾಹನ ನಿಲ್ಲಿಸಲು ಅಗಲವಿದ್ದ ಒಂದು ತಿರುವಿನಲ್ಲಿ ಇಳಿದೆವು. ಬಿಳಿ, ಬೂದು ಎಳೆಗಳು ನುಲಿದುಕೊಂಡ, ನೈಸ್ ಎಂಬ ಕಲ್ಲು. ಸುಮಾರು 340 ಕೋಟಿ ವರ್ಷ. ಎರಡು ದಿನ ನಾವು ನೋಡಿದ ಲಾವಾ, ಕೆಸರು, ಕಬ್ಬಿಣ ಎಲ್ಲಕ್ಕೂ ಇದು ತಳಪಾಯ. ಮೇಲಿನಿಂದ ನೀರು ಜಿನುಗುತ್ತಿತ್ತು, ಮೋಡ ರಸ್ತೆಯ ಮೇಲೇ ಹಾಯುತ್ತಿತ್ತು, ನನ್ನ ಪಾದದ ಮೇಲೆ ಒಂದು ಇಂಬಳ ಹತ್ತಿತ್ತು.

"ನಾನು ಈ ಘಾಟು ಇಳಿದದ್ದು ಈರುಳ್ಳಿ ಲಾರಿಯ ಮೇಲೆ ಮಲಗಿಕೊಂಡು, ರಾತ್ರಿ" ಎಂದರು ಕಾಕಾ. "ಏನೂ ಕಾಣಲಿಲ್ಲ. ಚಳಿ ಅಷ್ಟೇ ನೆನಪಿದೆ." ಗೋಡೆಗೆ ಬೆನ್ನು ಕೊಟ್ಟು ನಿಂತು, ತಂಗಿಯಿಂದ ಒಂದು ಫೋಟೋ ತೆಗೆಸಿಕೊಂಡರು.

ಇದು ಅಭಯಾರಣ್ಯ, ಇಲ್ಲಿ ಚಕ್ಕೆಯನ್ನೂ ಎತ್ತುವಂತಿಲ್ಲ. ನಾವು ಎತ್ತಲಿಲ್ಲ. ಆದರೆ ಇಳಿದು ಬರುವಾಗ ತಪಾಸಣೆ ನಾಕೆಯಲ್ಲಿ ಚೀಲ ಬಿಚ್ಚಿಸಿದಾಗ ಹಿಂದಿನ ಎರಡು ದಿನದ ಹನ್ನೊಂದು ಕಲ್ಲು ಹೊರಗೆ ಬಂದವು. ಅದರಲ್ಲಿ ಎರಡರ ಮೇಲೆ 40, 58 ಎಂದು ಬರೆದದ್ದು! ಕಾವಲಿನವನು ಅದನ್ನೇ ಹಿಡಿದು ಇದು ಯಾವ ಲೆಕ್ಕ ಎಂದು ಕೇಳಿದ. ತಂಗಿ ಪ್ರತಿ ಕಲ್ಲಿನ ಜಾಗ, ದಿನಾಂಕ ಬರೆದಿಟ್ಟಿದ್ದ ಟಿಪ್ಪಣಿ ಪುಸ್ತಕ ಮತ್ತು ಕಾಲೇಜಿನ ಪತ್ರ ತೋರಿಸಿದಳು. ಕಲ್ಲು ಹೊತ್ತು ತಿರುಗುವವರು ಇವೆರಡೂ ಇಟ್ಟುಕೊಂಡಿರಬೇಕು, ನಮಗೆ ಅರ್ಧ ಗಂಟೆಯಲ್ಲಿ ಬಿಡುಗಡೆಯಾದದ್ದು ಅದರಿಂದಲೇ. ಹೊರಡುವಾಗ ಅವನು 58ರ ಹೆಂಟೆಯನ್ನು ಕೈಯಲ್ಲಿ ತೂಗಿ, "ಐವತ್ತಾರು" ಎಂದ. ಅವನೂ ಮೊದಲು ಗಣಿಯಲ್ಲಿದ್ದವನೇ. ಕಾಕಾ ಒಪ್ಪಲಿಲ್ಲ. ಫೋಂಡಾ ಬರುವವರೆಗೂ ಅದೇ ಮಾತು.

ವಾಸ್ಕೋ ಮುಟ್ಟಿದಾಗ ರಾತ್ರಿ ಒಂಬತ್ತು. ಬೆಳಗ್ಗೆ ತಂಗಿ ಕಲ್ಲುಗಳನ್ನು ಕಾಗದದ ಮೇಲೆ ಸಾಲಾಗಿ ಇಟ್ಟು ಎಣಿಸಿದರೆ ಹತ್ತೇ ಇದ್ದವು. ಪಟ್ಟೆಯ ಕಲ್ಲು ಇಲ್ಲ. ಹುಡುಕಿದರೆ ಅದು ಅಡುಗೆಮನೆಯಲ್ಲಿ, ನಿಂಬೆ ಉಪ್ಪಿನಕಾಯಿಯ ಭರಣಿಯ ಮುಚ್ಚಳದ ಮೇಲೆ ತೊಳೆದು ಒರೆಸಿಕೊಂಡು ಕೂತಿತ್ತು.

"ಸಣ್ಣದು, ಆದರೆ ಭಾರ ಚೆನ್ನಾಗಿದೆ" ಎಂದರು ಚಿಗವ್ವ. "ಮೊದಲಿನದು ಇದರ ಎರಡರಷ್ಟಿತ್ತು, ಆದರೂ ಮುಚ್ಚಳ ಏಳುತ್ತಿತ್ತು."

ತಂಗಿ ಕಾಕಾನ ಮುಖ ನೋಡಿದಳು. ಕಾಕಾ ಪೇಪರಿನಿಂದ ಕಣ್ಣೆತ್ತದೆ, ರಿವಣದ ಕಡೆ ಅಂಥವು ಬೇಕಾದಷ್ಟಿವೆ, ಇನ್ನೊಂದು ಸಲ ಹೋಗೋಣ ಎಂದರು.